ಗಾಲಿಕುರ್ಚಿಯ ಗುರುತುಳ್ಳ ಜಾಗ ಯಾರಿಗೆ?

ಕೊಯಮತ್ತೂರಿನಲ್ಲಾಗಲಿ ತಿರುಪ್ಪೂರಿನಲ್ಲಾಗಲಿ, ಆಸ್ಪತ್ರೆಯ ಬಾಗಿಲ ಬಳಿ ಗಾಲಿಕುರ್ಚಿಯ ಚಿತ್ರ ಬರೆದ ಜಾಗ ಖಾಲಿಯಿದ್ದರೆ, ಅವಸರದಲ್ಲಿರುವವರ ಕಣ್ಣು ಅತ್ತ ಹೊರಳುವುದುಂಟು. ‘ಐದೇ ನಿಮಿಷ’ ಎಂಬ ಸಮಾಧಾನವೂ ಸಿದ್ಧವಾಗಿರುತ್ತದೆ.

ಆ ಜಾಗದ ವಿಶೇಷ ಬಾಗಿಲಿಗೆ ಹತ್ತಿರವಿರುವುದಷ್ಟೇ ಅಲ್ಲ, ಅದರ ಅಗಲವೂ ಹೌದು. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಅದು ಕನಿಷ್ಠ 3.6 ಮೀಟರ್ ಅಗಲವಿರಬೇಕು. ಕಾರಿನ ಬಾಗಿಲನ್ನು ಪೂರ್ತಿ ತೆರೆದು, ಪಕ್ಕದಲ್ಲಿ ಗಾಲಿಕುರ್ಚಿಯಿಟ್ಟು, ಅದಕ್ಕೆ ದಾಟಿಕೊಳ್ಳಲು ಅಷ್ಟು ಅಗಲ ಬೇಕು. ದೂರದಲ್ಲಿ ಕಾರು ನಿಲ್ಲಿಸಿದರೆ ಉಳಿದವರು ನಾಲ್ಕು ಹೆಜ್ಜೆ ಹೆಚ್ಚು ನಡೆದಾರು. ಗಾಲಿಕುರ್ಚಿಯವರು ಇಳಿಯಲಾಗದೆ ಮರಳಬೇಕಾದೀತು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಪಾರ್ಕಿನ್ಸನ್, ಹಿಮೋಫಿಲಿಯಾ ಮುಂತಾದವು ಕೆಲವೊಮ್ಮೆ ನೋಡಿದೊಡನೆ ತಿಳಿಯವು. ಆದುದರಿಂದ ನಡೆದು ಬಂದವರನ್ನೆಲ್ಲ ಸಂಶಯಿಸುವುದೂ ತರವಲ್ಲ. ಆದರೆ ಅರ್ಹ ಅಂಗವಿಕಲರಿಗೆಂದಿರುವ ಸೌಲಭ್ಯವನ್ನು ವಂಚನೆಯಿಂದ ಪಡೆದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಇದೇ ಕಾಯಿದೆಯ 91ನೇ ಕಲಮಿನಲ್ಲಿ ಅವಕಾಶವಿದೆ.

ಮನೆಯ ಅಜ್ಜಿಗೆ ಅಂಗವೈಕಲ್ಯದ ಗುರುತಿನ ಚೀಟಿ ಇರಬಹುದು. ಆ ಚೀಟಿ ಅಜ್ಜಿಯದು, ಕಾರಿನದಲ್ಲ. ಅವರು ಜೊತೆಗಿದ್ದಾಗ ಆ ಜಾಗದಲ್ಲಿ ನಿಲ್ಲಿಸುವುದು ನ್ಯಾಯ. ಅವರನ್ನು ಮನೆಯಲ್ಲಿ ಬಿಟ್ಟು ಪೇಟೆಗೆ ಹೋದಾಗ ಅಲ್ಲ. ಗಾಜಿಗೆ ಅಂಟಿಸಿದ ಚಿಹ್ನೆಗೂ ಇದೇ ಮಾತು. ಅದೇ ಹೊತ್ತಿಗೆ ಇನ್ನೊಂದು ಮನೆಯ ಅಜ್ಜಿ ಅಲ್ಲಿಗೆ ಬಂದಿರಬಹುದು.

ಫಲಕದಲ್ಲಿ ತಮಿಳಿನ ‘ಮಾಟ್ರುತ್ತಿರನಾಳಿ’ ಎಂಬ ಪದವಿದ್ದರೆ, ಅದು ಕನ್ನಡದಲ್ಲಿ ವಿಕಲಚೇತನರೆನ್ನುವವರಿಗೆ ಮೀಸಲೆಂದು ಮಕ್ಕಳಿಗೆ ತಿಳಿಸಿಕೊಡಬೇಕು. ಕಾರಿನ ಹಿಂದಿನ ಆಸನದಿಂದ ಅವರು ಹೆತ್ತವರ ನಡತೆಯನ್ನು ನೋಡುತ್ತಲೇ ಇರುತ್ತಾರೆ.