ಡ್ರ್ಯಾಗನ್‌ಗೂ ವ್ಯಾಕರಣ ಬೇಕು

ಫ್ಯಾಂಟಸಿ ಬರೆಯುವವರನ್ನು ಕಂಡರೆ ಉಳಿದ ಬರಹಗಾರರಿಗೆ ಒಳಗೊಳಗೇ ಒಂದು ಅಸೂಯೆ. ಇವರಿಗೇನು, ಹೇಳಿದ್ದೆಲ್ಲ ನಡೆಯುತ್ತದೆ! ಸಾಮಾಜಿಕ ಕಾದಂಬರಿಯಲ್ಲಿ ರೈಲು ಬರುವ ಹೊತ್ತು ತಪ್ಪಾದರೆ ಓದುಗ ಸುಮ್ಮನಿರುವುದಿಲ್ಲ. ಡ್ರ್ಯಾಗನ್ ಎಷ್ಟು ಗಂಟೆಗೆ ಹಾರಿತು ಎಂದು ಯಾರೂ ಕೇಳುವುದಿಲ್ಲ. ಅಮೆರಿಕದ ಕಾದಂಬರಿಕಾರ್ತಿ ಉರ್ಸುಲಾ ಕೆ. ಲೆ ಗ್ವಿನ್ (1929–2018) ನಂಬಿದ್ದು ಇದಕ್ಕೆ ತೀರ ಉಲ್ಟಾ. ಬೆಂಗಳೂರೋ ಬೋಸ್ಟನ್ನೋ ಎಂದು ಬರೆದರೆ ಅರ್ಧ ಕೆಲಸವನ್ನು ಓದುಗನ ನೆನಪೇ ಮಾಡಿಬಿಡುತ್ತದೆ. ಇಲ್ಲದ ಊರಿಗೆ ಆ ಆಸರೆ ಇಲ್ಲ, ಅದು ನಿಂತಿರುವುದು ಬರೀ ಪದಗಳ ಮೇಲೆ. ಒಂದು ಪದ ಸಡಿಲವಾದರೂ ಊರಿಗೆ ಊರೇ ಕುಸಿಯುತ್ತದೆ. ಆಕೆಯ ಸ್ಫೂರ್ತಿ, ದಿನಚರಿ, ಹೊಸಬರಿಗೆ ಕೊಟ್ಟ ಸಲಹೆಗಳನ್ನು ಬಿಡಿಬಿಡಿಯಾಗಿ ನೋಡಿದರೆ ಚದುರಿದಂತೆ ಕಾಣುತ್ತವೆ. ಈ ನಂಬಿಕೆಯ ದಾರದಲ್ಲಿ ಪೋಣಿಸಿದರೆ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

1967ರಲ್ಲಿ ಒಬ್ಬ ಪ್ರಕಾಶಕ ಹದಿಹರೆಯದವರಿಗಾಗಿ ಒಂದು ಪುಸ್ತಕ ಬರೆದುಕೊಡಿ ಎಂದು ಕೇಳಿದಾಗ ಆಕೆಯ ಬಳಿ ಇದ್ದದ್ದು ಮೂರು ವರ್ಷ ಹಿಂದೆ ಪತ್ರಿಕೆಯಲ್ಲಿ ಬಂದಿದ್ದ ಎರಡು ಸಣ್ಣಕಥೆಗಳು, ಅವುಗಳಲ್ಲಿ ಸುಳಿದುಹೋದ ಕೆಲವು ದ್ವೀಪಗಳು. ಜೊತೆಗೆ ಒಂದು ಸರಳ ಪ್ರಶ್ನೆ: ಕಥೆಗಳಲ್ಲಿ ಮಾಂತ್ರಿಕರೆಲ್ಲ ಬಿಳಿಗಡ್ಡದ ಮುದುಕರು, ಅವರೂ ಹುಡುಗರಾಗಿದ್ದಾಗ ವಿದ್ಯೆ ಕಲಿತದ್ದೆಲ್ಲಿ? 1968ರಲ್ಲಿ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಬಂತು. ಮಾಂತ್ರಿಕರ ಶಾಲೆ ಎಂದೊಡನೆ ಇಂದಿನ ಮಕ್ಕಳಿಗೆ ನೆನಪಾಗುವ ಹ್ಯಾರಿ ಪಾಟರ್ ಹುಟ್ಟಲು ಇನ್ನೂ 29 ವರ್ಷ ಬಾಕಿಯಿತ್ತು. ರೋಕ್ ದ್ವೀಪದ ಈ ಶಾಲೆಯಲ್ಲಿ ಕಲಿಸುವ ಮುಖ್ಯ ವಿದ್ಯೆ ಹೆಸರುಗಳದ್ದು. ಪ್ರತಿ ವಸ್ತುವಿಗೂ ಆದಿಭಾಷೆಯಲ್ಲಿ ಒಂದು ನಿಜನಾಮವಿದೆ, ಅದು ಗೊತ್ತಿದ್ದವನಿಗಷ್ಟೇ ಆ ವಸ್ತು ಒಲಿಯುತ್ತದೆ. ನಾಯಕ ಗೆಡ್ ಒಂಟಿ ಗೋಪುರದಲ್ಲಿ ಕುಳಿತು ಹೆಸರುಗಳ ಉದ್ದುದ್ದ ಪಟ್ಟಿಗಳನ್ನು ಬಾಯಿಪಾಠ ಮಾಡುತ್ತಾನೆ. ಒಂದು ಬೆಣಚುಕಲ್ಲನ್ನು ನಿಜವಾಗಿಯೂ ಬೇರೆಯದಾಗಿಸಿದರೆ ಲೋಕದ ಸಮತೋಲವೇ ಅಲ್ಲಾಡುತ್ತದೆ ಎಂದು ಗುರು ಎಚ್ಚರಿಸುತ್ತಾನೆ. ಇದು ಮಾಂತ್ರಿಕನ ಪಾಠವೋ ಕಾದಂಬರಿಕಾರನ ಪಾಠವೋ ಎಂದು ಬಿಡಿಸಿ ಹೇಳುವುದು ಕಷ್ಟ.

ಹೆಸರಿನ ಈ ಗೀಳು ಎಲ್ಲಿಂದ ಬಂತು? ತಂದೆ ಆಲ್‌ಫ್ರೆಡ್ ಕ್ರೋಬರ್ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಭಾಷೆ, ನಂಬಿಕೆಗಳನ್ನು ದಾಖಲಿಸಿದ ಮಾನವಶಾಸ್ತ್ರಜ್ಞ. ತನ್ನ ಯಾಹಿ ಜನರಲ್ಲಿ ಕೊನೆಯವನಾಗಿ ಉಳಿದು 1911ರಲ್ಲಿ ಕಾಡುಗುಡ್ಡಗಳಿಂದ ಹೊರಬಂದ ವ್ಯಕ್ತಿ ತನ್ನ ಹೆಸರನ್ನು ಯಾರಿಗೂ ಹೇಳಲೇ ಇಲ್ಲ. ಅವನ ಭಾಷೆಯಲ್ಲಿ ‘ಮನುಷ್ಯ’ ಎಂಬ ಅರ್ಥದ ‘ಇಶಿ’ ಎಂಬ ಪದದಿಂದ ಕ್ರೋಬರ್ ಅವನನ್ನು ಕರೆದರು. ಅವನ ಕಥೆಯನ್ನು 1961ರಲ್ಲಿ ಪುಸ್ತಕವಾಗಿಸಿದವರು ಲೆ ಗ್ವಿನ್‌ರ ತಾಯಿ ಥಿಯೊಡೋರಾ. ಅರ್ತ್‌ಸೀಯ ಜನರೂ ನಿಜನಾಮವನ್ನು ತೀರ ನಂಬಿದವರಿಗಲ್ಲದೆ ಬಿಟ್ಟುಕೊಡುವುದಿಲ್ಲ. ಇದರಿಂದಲೇ ಅದು ಹುಟ್ಟಿತು ಎಂದು ಗೆರೆ ಎಳೆದು ತೋರಿಸಲಾಗದು. ಇಶಿ ತೀರಿಕೊಂಡು 13 ವರ್ಷಗಳ ಮೇಲೆ ಹುಟ್ಟಿದವರು ಆಕೆ. ಆದರೆ ಹೆಸರಿಗೆ ತೂಕವಿದೆ ಎಂಬುದು ಆ ಮನೆಯ ಗಾಳಿಯಲ್ಲಿತ್ತು. ತಂದೆಯ ಕಪಾಟಿನಲ್ಲಿದ್ದ ಚೀನಾದ ಪ್ರಾಚೀನ ಚಿಂತಕ ಲಾವೋತ್ಸೆಯ ಪುಸ್ತಕವೂ ಹಾಗೆಯೇ: ಬಾಲ್ಯದಲ್ಲಿ ಕೈಗೆ ಸಿಕ್ಕ ಅದು ಅರ್ತ್‌ಸೀಯ ಸಮತೋಲದ ತತ್ತ್ವಕ್ಕೆ ಬೇರಾಯಿತು, 1997ರಲ್ಲಿ ಆಕೆ ಅದನ್ನು ತಮ್ಮದೇ ಇಂಗ್ಲಿಷಿನಲ್ಲಿ ತಂದರು. ಸ್ಫೂರ್ತಿ ಸಿಡಿಲಿನಂತೆ ಎರಗುತ್ತದೆ ಎನ್ನುವವರಿಗೆ ಇಲ್ಲಿ ಕಾಣುವುದು ತಿಪ್ಪೆಗುಂಡಿ. ಬಿದ್ದದ್ದೆಲ್ಲ ಕೊಳೆತು ಗೊಬ್ಬರವಾಗಲು ವರ್ಷಗಳೇ ಹಿಡಿದಿವೆ.

ಇಲ್ಲದ ಊರಿಗೇ ಹೆಚ್ಚು ಶಿಸ್ತು ಬೇಕು ಎಂಬುದಕ್ಕೆ ಆಕೆಯ ಮಾತಿನಿಂದಲೇ ಒಂದು ಆಕ್ಷೇಪ ಎತ್ತಬಹುದು. ತಾನು ಆ ದ್ವೀಪಗಳನ್ನು ಯೋಜಿಸಿ ಕಟ್ಟಿದ್ದಲ್ಲ, ಕಂಡುಕೊಂಡದ್ದು. ಪಾತ್ರದ ಸರಿಯಾದ ಹೆಸರು ಕಿವಿಗೆ ಬೀಳುವವರೆಗೆ ಕಾಯುತ್ತೇನೆ ಎಂದು ಆಕೆ ಹೇಳಿಕೊಂಡಿದ್ದಾರೆ. ಹಾಗಾದರೆ ಶಿಸ್ತೆಲ್ಲಿ ಬಂತು? ನನ್ನ ಪ್ರಕಾರ ಈ ಕಾಯುವಿಕೆಯೇ ಶಿಸ್ತು. ಬಾಯಿಗೆ ಬಂದ ಮೊದಲ ಹೆಸರನ್ನು ಇಟ್ಟು ಮುಂದೆ ಹೋಗುವುದು ಸುಲಭ, ಅದನ್ನು ಒಲ್ಲೆನೆಂದು ಕೂರುವುದು ಕಷ್ಟ. ಬರೆಯುವ ಮೊದಲೇ ಆಕೆ ದ್ವೀಪಸಮೂಹದ ನಕ್ಷೆ ಬಿಡಿಸಿಟ್ಟುಕೊಂಡರು. ನಕ್ಷೆ ಗೀಚುವಾಗಿನ ಸ್ವಾತಂತ್ರ್ಯ ಗೀಚಿ ಮುಗಿದ ಮೇಲೆ ಇರುವುದಿಲ್ಲ: ಗೆಡ್‌ನ ದೋಣಿ ಎಷ್ಟು ದೂರ ಹೋಗಬೇಕೋ ಅಷ್ಟು ದಿನ ತೆಗೆದುಕೊಳ್ಳಲೇಬೇಕು.

ಭಾಷೆಯ ವಿಷಯದಲ್ಲಂತೂ ಆಕೆ ನಿರ್ದಯಿ. 1973ರ ಒಂದು ಪ್ರಬಂಧದಲ್ಲಿ ಒಂದು ಫ್ಯಾಂಟಸಿ ಕಾದಂಬರಿಯ ಸಂಭಾಷಣೆಯನ್ನು ಎತ್ತಿಕೊಂಡು ಕೆಲವೇ ಪದ ಬದಲಿಸಿ ತೋರಿಸಿದರು. ರಾಜಮನೆತನದವರ ಮಾತು ವಾಷಿಂಗ್ಟನ್ನಿನ ರಾಜಕಾರಣಿಗಳ ಹರಟೆಯಾಯಿತು. ಹೆಸರು ತೆಗೆದರೆ ಉಳಿಯದ ಲೋಕ ಮೊದಲೇ ಇರಲಿಲ್ಲ ಎಂಬುದು ಅದರ ಹುರುಳು. ಇದರರ್ಥ ಹಳೆಯ ಕಾಲದ ಭಾಷೆ ಬಳಸಬೇಕೆಂದಲ್ಲ. ಬಾರದ ಹಳೆ ಇಂಗ್ಲಿಷನ್ನು ತಪ್ಪುತಪ್ಪಾಗಿ ಆಡಿಸುವವರನ್ನೂ ಅದೇ ಪ್ರಬಂಧ ಗೇಲಿ ಮಾಡುತ್ತದೆ. (ರಾಜನ ಬಾಯಿಗೆ ಅರೆಬೆಂದ ಹಳಗನ್ನಡ ತುರುಕುವ ನಮ್ಮವರಿಗೂ ಇದು ತಾಗುತ್ತದೆ.) ಹೊಸ ಬರಹಗಾರರಿಗಾಗಿ 1998ರಲ್ಲಿ ತಂದ ‘ಸ್ಟಿಯರಿಂಗ್ ದ ಕ್ರಾಫ್ಟ್’ ಪುಸ್ತಕ ಶುರುವಾಗುವುದು ಕಥಾವಸ್ತುವಿನಿಂದಲ್ಲ, ವಾಕ್ಯದ ನಾದದಿಂದ. ವಿರಾಮಚಿಹ್ನೆಯೇ ಇಲ್ಲದೆ ಒಂದು ತುಣುಕು ಬರೆಯಿರಿ, ವಿಶೇಷಣ ಕ್ರಿಯಾವಿಶೇಷಣಗಳಿಲ್ಲದೆ ಒಂದು ಪುಟ ಬರೆಯಿರಿ, ಬರೆದದ್ದನ್ನು ಅರ್ಧಕ್ಕೆ ಇಳಿಸಿ ಎಂಬಂಥ ಅಭ್ಯಾಸಗಳು ಅದರಲ್ಲಿವೆ. ಡ್ರ್ಯಾಗನ್ ಸಾಕುವುದು ಹೇಗೆಂದು ತಿಳಿಯಲು ಬಂದವರಿಗೆ ನಿರಾಸೆಯಾಗುವುದು ಸಹಜ.

ದಿನಚರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರ ಸುತ್ತ ಈಗಾಗಲೇ ಬೇಕಾದಷ್ಟು ಭಕ್ತಿ ಬೆಳೆದಿದೆ. ಐದೂವರೆಗೆ ಎಚ್ಚರವಾಗಿ ಮಲಗಿದಲ್ಲೇ ಯೋಚನೆ, ಏಳೂಕಾಲರಿಂದ ಮಧ್ಯಾಹ್ನದವರೆಗೆ ಬರವಣಿಗೆ, ರಾತ್ರಿ ಎಂಟರ ಮೇಲೆ ತಲೆ ಓಡುವುದಿಲ್ಲ ಎಂದು ಒಂದು ಸಂದರ್ಶನದಲ್ಲಿ ಹೇಳಿದ್ದು ನಿಜ. ಆದರೆ ಅದು ಮಕ್ಕಳು ದೊಡ್ಡವರಾದ ಮೇಲಿನ ಆದರ್ಶ ದಿನದ ವಿವರ. ಮೂವರು ಮಕ್ಕಳು ಚಿಕ್ಕವರಿದ್ದಾಗ ಆಕೆ ಬರೆಯುತ್ತಿದ್ದದ್ದು ಅವರು ಮಲಗಿದ ಮೇಲೆ. ಪ್ರೊಫೆಸರರ ಮಗಳು, ಪ್ರೊಫೆಸರರ ಹೆಂಡತಿ, ಬಿಡುವಿತ್ತು, ಬರೆದರು ಎನ್ನುವವರಿದ್ದಾರೆ. ಅನುಕೂಲವಿತ್ತೆಂಬುದು ಸುಳ್ಳಲ್ಲ, ಗಂಡ ಮನೆಗೆಲಸಕ್ಕೆ ಹೆಗಲು ಕೊಡದಿದ್ದರೆ ಬರೆಯಲಾಗುತ್ತಿರಲಿಲ್ಲವೆಂದು ಆಕೆಯೇ ಒಪ್ಪಿದ್ದಾರೆ. ಆದರೆ ಹನ್ನೊಂದನೇ ವಯಸ್ಸಿನಲ್ಲಿ ಮೊದಲ ಕಥೆ ಪತ್ರಿಕೆಯಿಂದ ವಾಪಸಾದವಳ ಮೊದಲ ಕಾದಂಬರಿ ಬಂದದ್ದು 1966ರಲ್ಲಿ, ಮೂವತ್ತೇಳರ ಹೊತ್ತಿಗೆ. ನಡುವಿನ ವರ್ಷಗಳ ಹಟವನ್ನು ಅನುಕೂಲ ವಿವರಿಸುವುದಿಲ್ಲ.

ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಇಷ್ಟು ಎಚ್ಚರದಿಂದ ಕಟ್ಟಿದ ಲೋಕದ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಹಳ್ಳಿಯ ಮಾಟಗಾತಿಯರ ವಿದ್ಯೆ ಅಲ್ಲಿ ಬರೀ ತಾತ್ಸಾರದ ಮಾತು. 1972ಕ್ಕೆ ಮೂರು ಪುಸ್ತಕ ಮುಗಿಸಿದ ಆಕೆ ಇದನ್ನು ಮುಚ್ಚಿಡಲಿಲ್ಲ, ಹಳೆಯ ಪುಟ ತಿದ್ದಲೂ ಹೋಗಲಿಲ್ಲ. 18 ವರ್ಷಗಳ ನಂತರ ‘ತೆಹಾನು’ ಬರೆದು ಅದೇ ದ್ವೀಪಗಳನ್ನು ಒಬ್ಬ ವಿಧವೆಯ ಅಡುಗೆಮನೆಯಿಂದ ನೋಡಿದರು. ಗೆಡ್ ಅಲ್ಲಿ ಶಕ್ತಿ ಕಳೆದುಕೊಂಡ ನಡುವಯಸ್ಕ. ಬೇಸರಗೊಂಡ ಓದುಗರಿದ್ದರು. ನಿಯಮ ಗಟ್ಟಿಯಿದ್ದುದರಿಂದಲೇ ಆ ನಿಯಮ ಯಾರ ಪರ ಎಂದು ಕೇಳಲು ಸಾಧ್ಯವಾಯಿತು. ಏನು ಬೇಕಾದರೂ ನಡೆಯುವ ಲೋಕದಲ್ಲಿ ಅನ್ಯಾಯವನ್ನು ಹಿಡಿದು ತೋರಿಸಲು ಜಾಗವೇ ಇರುವುದಿಲ್ಲ. ‘ಅರ್ತ್‌ಸೀಯ ಕೊನೆಯ ಪುಸ್ತಕ’ ಎಂದು ‘ತೆಹಾನು’ವಿಗೆ ಉಪಶೀರ್ಷಿಕೆ ಕೊಟ್ಟಿದ್ದರು. 2001ರಲ್ಲಿ ಮತ್ತೆರಡು ಬಂದವು. 2018ರ ಜನವರಿಯಲ್ಲಿ ಆಕೆ ತೀರಿಕೊಂಡ ಕೆಲವು ತಿಂಗಳ ಮೇಲೆ ಒಂದು ಸಣ್ಣಕಥೆ ಪ್ರಕಟವಾಯಿತು. ಅದರಲ್ಲಿ ಮುದುಕ ಗೆಡ್ ಹಾಸಿಗೆ ಹಿಡಿದು ಕೊನೆಯ ದಿನಗಳನ್ನು ಕಳೆಯುತ್ತಿದ್ದಾನೆ.