ಲಾಡಿ, ಗುಂಡಿ, ಗುದ್ದಲಿ

ಲಾಡಿ ಇಲ್ಲದ ಲಂಗವನ್ನು ಉಡುವುದು ಹೇಗೆ? ಹಳೇ ಬಟ್ಟೆ ಕೊಡುವಾಗ ಈ ಪ್ರಶ್ನೆ ನಮ್ಮಲ್ಲಿ ಯಾರ ತಲೆಗೂ ಹೊಳೆಯುವುದಿಲ್ಲ. ಬೀರು ಖಾಲಿ ಮಾಡಿ, ಚೀಲಕ್ಕೆ ತುರುಕಿ, ಬಾಯಿ ಕಟ್ಟಿ ಕೊಟ್ಟುಬಿಟ್ಟರೆ ನಮ್ಮ ಪಾಲಿನ ಪುಣ್ಯ ನಮಗೆ ಸಂದಿತು. ಲಂಗದ ಲಾಡಿ ಒಗೆಯುವಾಗಲೋ ಮಡಿಸುವಾಗಲೋ ಕಳಚಿ ಎಲ್ಲೋ ಬಿದ್ದುಹೋಗಿರುತ್ತದೆ. ಅದು ಲಾರಿಯೇರಿ ಬಿಹಾರದ ಯಾವುದೋ ಹಳ್ಳಿ ತಲುಪಿದ ಮೇಲೆ, ಪಡೆದ ಹೆಂಗಸು ಮೊದಲು ದಾರ ಹುಡುಕಿಕೊಂಡು ಹೋಗಬೇಕು. ದಿಲ್ಲಿಯ ಆಗ್ನೇಯ ಅಂಚಿನ ಸರಿತಾ ವಿಹಾರ್‌ನಲ್ಲಿ ನೆಲೆಯಿರುವ ಗೂಂಜ್ ಸಂಸ್ಥೆಯಲ್ಲಿ ಬಟ್ಟೆ ವಿಂಗಡಿಸುವವರು ಆ ದಾರವನ್ನು ಇಲ್ಲಿಯೇ ಪೋಣಿಸಿ ಕಳಿಸುತ್ತಾರೆ. ದಾನ ಎನ್ನುವುದು ಕುಶಲಕರ್ಮವೂ ಆಗಬಲ್ಲದು ಎಂದು ಯಾರಿಗಾದರೂ ತೋರಿಸಬೇಕಾದರೆ ನಾನು ಈ ಲಾಡಿಯಿಂದಲೇ ಶುರುಮಾಡುತ್ತೇನೆ.

ಗೂಂಜ್ ಹುಟ್ಟಿದ್ದು 1999ರಲ್ಲಿ. ಅಂಶು ಗುಪ್ತ ಪತ್ರಿಕೋದ್ಯಮ ಓದಿದವರು, ದೊಡ್ಡ ಕಂಪನಿಯೊಂದರಲ್ಲಿ ನೌಕರಿಯಲ್ಲಿದ್ದವರು. ಅವರೂ ಪತ್ನಿ ಮೀನಾಕ್ಷಿಯವರೂ ಮನೆಯ ಬೀರುವಿನಿಂದ 67 ಬಟ್ಟೆ ಹೊರತೆಗೆದು ಕೆಲಸ ಆರಂಭಿಸಿದರು. ಅದಕ್ಕೂ ಹಲವು ವರ್ಷ ಹಿಂದಿನ ಒಂದು ಭೇಟಿಯನ್ನು ಗುಪ್ತ ತಮ್ಮ ಭಾಷಣಗಳಲ್ಲಿ ನೆನೆಯುತ್ತಾರೆ. ಹಳೇ ದಿಲ್ಲಿಯಲ್ಲಿ ವಾರಸುದಾರರಿಲ್ಲದ ಹೆಣಗಳನ್ನು ಗಾಡಿಯಲ್ಲಿ ಸಾಗಿಸುವುದೇ ಕಸುಬಾಗಿದ್ದ ಒಬ್ಬಾತನಿದ್ದ. ಹೆಣವೊಂದಕ್ಕೆ ಆತನಿಗೆ ಸಿಗುತ್ತಿದ್ದದ್ದು 20 ರೂಪಾಯಿ ಮತ್ತು 2 ಮೀಟರ್ ಬಟ್ಟೆ. ಚಳಿಗಾಲ ಬಂತೆಂದರೆ ಕೈತುಂಬ ಕೆಲಸ. ಚಳಿ ತಡೆಯದಾದಾಗ ಹೆಣವನ್ನು ಅಪ್ಪಿ ಮಲಗುತ್ತೇನೆ, ಅದು ಮಗ್ಗುಲು ಬದಲಿಸುವುದಿಲ್ಲ, ತೊಂದರೆ ಕೊಡುವುದಿಲ್ಲ ಎಂದು ಆತನ ಪುಟ್ಟ ಮಗಳು ಹೇಳಿದಳಂತೆ. ದಿಲ್ಲಿಯ ಚಳಿ ಎಂದರೆ ಏನೆಂದು ಬೆಂಗಳೂರು, ಮಂಗಳೂರಿನವರಿಗೆ ಅಂದಾಜಾಗುವುದು ಕಷ್ಟ: 2021ರ ಜನವರಿ 1ರ ಬೆಳಗ್ಗೆ ಸಫ್ದರ್‌ಜಂಗ್‌ನಲ್ಲಿ ಉಷ್ಣಾಂಶ 1.1 ಡಿಗ್ರಿಗೆ ಇಳಿದಿತ್ತು. ಪ್ರವಾಹ, ಭೂಕಂಪಗಳಿಗೆ ಪರಿಹಾರ ಘೋಷಿಸುವ ನಾವು ಪ್ರತಿವರ್ಷ ತಪ್ಪದೆ ಬರುವ ಚಳಿಯನ್ನು ವಿಪತ್ತು ಎಂದು ಎಣಿಸುವುದಿಲ್ಲ ಎನ್ನುವುದು ಗುಪ್ತರ ಮೂಲ ತಕರಾರು. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ದಿಲ್ಲಿ ಸೀಮೆಯಲ್ಲಿ ಹಳೇ ಬಟ್ಟೆಗೆ ಬೇರೆ ದಾರಿಗಳೂ ಇವೆ. ಅವುಗಳ ಪಕ್ಕದಲ್ಲಿಟ್ಟು ನೋಡಿದರೆ ಗೂಂಜ್‌ನ ವಿಂಗಡಣೆಯ ವೈಶಿಷ್ಟ್ಯ ಚೆನ್ನಾಗಿ ತಿಳಿಯುತ್ತದೆ. ಪಶ್ಚಿಮ ದಿಲ್ಲಿಯ ರಘುಬೀರ್ ನಗರದಲ್ಲಿ ಗುಜರಾತ್ ಮೂಲದ ವಾಘರಿ ಸಮುದಾಯದ ಹೆಂಗಸರಿದ್ದಾರೆ. ಮನೆಮನೆಗೆ ಹೋಗಿ, ಸ್ಟೀಲ್ ಪಾತ್ರೆ ಕೊಟ್ಟು ಹಳೇ ಬಟ್ಟೆ ಕೊಳ್ಳುತ್ತಾರೆ. ನಮ್ಮ ಕಡೆಯೂ ಬೀದಿಯಲ್ಲಿ ಕೂಗುತ್ತ ಬರುತ್ತಿದ್ದ ಪಾತ್ರೆಯವರ ವ್ಯಾಪಾರವೇ ಅದು. ಬೆಳಕು ಹರಿಯುವ ಮೊದಲೇ ಅಲ್ಲಿ ಸಂತೆ ಕೂಡಿ, ಆ ಬಟ್ಟೆ ಕೈ ಬದಲಾಗುತ್ತದೆ. ಟಾರ್ಚ್ ಬೆಳಕಿನಲ್ಲಿ ಸೀರೆಯ ಸೆರಗು ಬಿಡಿಸಿ ಜರಿ ಅಸಲಿಯೋ ನಕಲಿಯೋ ಎಂದು ನೋಡುವ ಕಣ್ಣಿಗೆ ಕಾಣುವುದು ಬೆಲೆ. ದಿಲ್ಲಿಯಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರ್ ದೂರದ ಪಾಣಿಪತ್, ಅದೂ ರಾಜಧಾನಿ ವಲಯಕ್ಕೇ ಸೇರಿದ ಊರು, ಇನ್ನೊಂದು ದಾರಿ. ಶ್ರೀಮಂತ ದೇಶಗಳು ಬಿಸಾಡಿದ ಉಣ್ಣೆಯ ಕೋಟು, ಸ್ವೆಟರುಗಳು ಹಡಗಿನಲ್ಲಿ ಬಂದು ಅಲ್ಲಿ ರಾಶಿ ಬೀಳುತ್ತವೆ. ಹೆಂಗಸರು ನೆಲದ ಮೇಲೆ ಕೂತು, ನಮ್ಮ ಈಳಿಗೆಮಣೆಯಂತೆ ನೆಟ್ಟಗೆ ನಿಂತ ಅಲಗಿಗೆ ಬಟ್ಟೆಯನ್ನು ಒತ್ತಿ ಗುಂಡಿ, ಜಿಪ್ಪು, ಅಸ್ತರು ಬೇರ್ಪಡಿಸುತ್ತಾರೆ. ಕೆಂಪು ಕೆಂಪಿಗೆ, ನೀಲಿ ನೀಲಿಗೆ. ಆಮೇಲೆ ಅದನ್ನು ಚಿಂದಿ ಮಾಡಿ ಮತ್ತೆ ನೂಲು ತೆಗೆಯುತ್ತಾರೆ. ಪರಿಹಾರ ಶಿಬಿರಗಳಲ್ಲಿ ಹಂಚುವ ಒರಟು ಕಂಬಳಿಗಳು ಬಹುಕಾಲ ಈ ನೂಲಿನಿಂದಲೇ ತಯಾರಾದವು. ಅಲ್ಲಿನ ಕಣ್ಣಿಗೆ ಕಾಣುವುದು ಬಣ್ಣ ಮತ್ತು ಎಳೆ.

ಗೂಂಜ್‌ನ ಕಣ್ಣಿಗೆ ಕಾಣಬೇಕಾದದ್ದು ಉಡುವವರು. ಅಂಗಿಯೊಂದು ಕೈಗೆ ಬಂತು ಎನ್ನಿ. ಹರಿದಿದೆಯೇ, ಕಲೆಯಿದೆಯೇ ಎಂದು ನೋಡುವುದನ್ನು ಯಾರು ಬೇಕಾದರೂ ಮಾಡಬಹುದು. ಕಷ್ಟದ್ದು ಅದರ ಮುಂದಿನದು. ಇದು ಯಾವ ವಯಸ್ಸಿನವರಿಗೆ? ಯಾವ ಹವೆಗೆ? ಯಾವ ಸೀಮೆಗೆ? ನಗರದ ಹುಡುಗಿಯ ಜೀನ್ಸ್ ಪ್ಯಾಂಟು ಹೊಚ್ಚ ಹೊಸದಾಗಿದ್ದರೂ ಬುಂದೇಲಖಂಡದ ಹಳ್ಳಿಯ ಹೆಂಗಸಿಗೆ ಅದರಿಂದ ಉಪಯೋಗವಿಲ್ಲ. ಅದರ ಗಟ್ಟಿ ಬಟ್ಟೆಯಿಂದ ಶಾಲಾ ಮಕ್ಕಳ ಚೀಲ ಹೊಲಿಯಬಹುದು. ಸೀರೆ ಉಡುವ ಕಡೆಗೆ ಸೀರೆ, ಸಲ್ವಾರ್ ತೊಡುವ ಕಡೆಗೆ ಸಲ್ವಾರ್, ಬೆಟ್ಟದ ಮೇಲಿನ ಊರಿಗೆ ಉಣ್ಣೆ. ಸೀರೆಯ ಜೊತೆಗೆ ಲಂಗ, ರವಿಕೆ ಇಲ್ಲದಿದ್ದರೆ ಆ ಸೀರೆ ಅರ್ಧ ಉಡುಪು. ಬೂಟಿನ ಒಂದು ಕಾಲು ರಾಶಿಯಲ್ಲಿ ಕಳೆದುಹೋದರೆ ಇನ್ನೊಂದು ಕಸ. ಹಾಗಾಗಿ ಜೊತೆಯನ್ನು ದಾರದಿಂದ ಬಿಗಿದು ಕಟ್ಟುತ್ತಾರೆ. ಗುಂಡಿ ಬಿದ್ದಲ್ಲಿ ಗುಂಡಿ, ಜಿಪ್ಪು ಕೆಟ್ಟಲ್ಲಿ ಜಿಪ್ಪು. ಇಷ್ಟೆಲ್ಲ ಆದ ಮೇಲೆ ಒಂದು ಕುಟುಂಬಕ್ಕೆ ಸಾಲುವಷ್ಟನ್ನು ಒಟ್ಟುಮಾಡಿ ಗಂಟು ಕಟ್ಟುವುದು. ಮದುವೆಯ ಬಟ್ಟೆಗಳದ್ದೇ ಬೇರೆ ಗಂಟು. ಒಂದು ದಿನ ಉಟ್ಟು ಹತ್ತು ವರ್ಷ ಬೀರುವಿನಲ್ಲಿ ಮಲಗಿದ್ದ ನಗರದ ಲೆಹೆಂಗಾ ಹಳ್ಳಿಯ ಬಡ ಮದುಮಗಳ ಪಾಲಿಗೆ ಹೋಗುತ್ತದೆ. ಒಂದು ಮಗ್ಗುಲು ಮಾತ್ರ ಬರೆದ ಕಚೇರಿ ಕಾಗದ ಕೂಡ ಇಲ್ಲಿ ಹಾಳಾಗುವುದಿಲ್ಲ, ಖಾಲಿ ಮಗ್ಗುಲನ್ನು ಬಳಸುವಂತೆ ಹೊಲಿದು ನೋಟ್‌ಬುಕ್ ಮಾಡುತ್ತಾರೆ.

ಉಡಲಿಕ್ಕೆ ಬಾರದ ಬಟ್ಟೆಗೂ ಕೆಲಸವಿದೆ. ಉತ್ತರ ಕರ್ನಾಟಕದವರು ಕೌದಿ ಎನ್ನುವುದಕ್ಕೆ ಬಿಹಾರದಲ್ಲಿ ಸುಜನಿ ಎನ್ನುತ್ತಾರೆ. ಚೂರುಗಳನ್ನು ಪದರ ಹಾಕಿ ಹೊಲಿದರೆ ಹಾಸಲೂ ಆಯಿತು, ಹೊದೆಯಲೂ ಆಯಿತು. ಮೆತ್ತನೆಯ ಹತ್ತಿ ಬಟ್ಟೆಯನ್ನಂತೂ ಬೇರೆಯೇ ತೆಗೆದಿಡುತ್ತಾರೆ, ಮುಟ್ಟಿನ ಬಟ್ಟೆಗಾಗಿ. ಹಳೇ ಬೆಡ್‌ಶೀಟು, ಸೀರೆ ಒಗೆದು, ಒಣಗಿಸಿ, ಅಳತೆಗೆ ಕತ್ತರಿಸಿ, ಇಸ್ತ್ರಿ ಹಾಕಿ ಮಡಿಸುವ ಈ ಸಾಲಿನಲ್ಲಿ ಒಂದು ಹಂತ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಪ್ರತಿ ತುಂಡನ್ನೂ ಬೆರಳಿನಿಂದ ತಡವಿ, ಕೊಕ್ಕೆ, ಪಿನ್ನು, ಗುಂಡಿ ಏನೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು. ಹಳೇ ರವಿಕೆಯ ತುಂಡನ್ನು ಬಳಸಿ, ಅದರಲ್ಲಿದ್ದ ತುಕ್ಕು ಹಿಡಿದ ಕೊಕ್ಕೆ ಚುಚ್ಚಿ ಧನುರ್ವಾಯುವಿನಿಂದ ಸತ್ತ ಹೆಂಗಸೊಬ್ಬಳ ಸಂಗತಿಯನ್ನು ಗುಪ್ತ ಅನೇಕ ಕಡೆ ಹೇಳಿದ್ದಾರೆ. ಆ ತುಂಡನ್ನು ತಡವುವ ಬೆರಳಿಗೆ ಅಷ್ಟು ಹೊಣೆಯಿದೆ.

ವಿಂಗಡಿಸದೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು 2004ರ ಸುನಾಮಿ ತೋರಿಸಿತು. ದೇಶದ ಮೂಲೆಮೂಲೆಯಿಂದ ತಮಿಳುನಾಡಿನ ಕರಾವಳಿಗೆ ಲಾರಿಗಟ್ಟಲೆ ಹಳೇ ಬಟ್ಟೆ ಬಂದು ರಸ್ತೆ ಬದಿಯಲ್ಲಿ ಸುರಿಯಿತು. ಸಂತ್ರಸ್ತರು ಅದನ್ನು ಮುಟ್ಟಲಿಲ್ಲ. ಮನೆ ಹೋಗಿದ್ದರೂ ಮಾನ ಉಳಿದಿತ್ತು, ಮುಟ್ಟಬೇಕೇಕೆ? ಬೇಡವೆಂದು ಬಿದ್ದ ಆ ರಾಶಿಯನ್ನು ಆಮೇಲೆ ಎತ್ತಿ ವಿಂಗಡಿಸುವ ಕೆಲಸಕ್ಕೆ ನಿಂತವರಲ್ಲಿ ಗೂಂಜ್ ಕೂಡ ಒಂದು.

ಯಾರಿಗೆ ಕೊಡಬೇಕು ಎಂದು ಯಾರು ತೀರ್ಮಾನಿಸಬೇಕು? ಈಗ ಎಲ್ಲ ಕಡೆ ಇದಕ್ಕೆ ಓಟು ಹಾಕುವ ರೂಢಿ ಬಂದಿದೆ. 2015ರಲ್ಲಿ ಅಮೆರಿಕದ ಅಂತರಜಾಲ ಚರ್ಚಾತಾಣ ರೆಡ್ಡಿಟ್ ತನ್ನ ಹಿಂದಿನ ವರ್ಷದ ಜಾಹೀರಾತು ಆದಾಯದಲ್ಲಿ ಶೇ. 10ನ್ನು ದಾನಕ್ಕೆ ತೆಗೆದಿಟ್ಟು, ಸಂಸ್ಥೆಗಳನ್ನು ಆರಿಸಲು ಬಳಕೆದಾರರನ್ನೇ ಕೇಳಿತು. ಸುಮಾರು 8 ಲಕ್ಷ 27 ಸಾವಿರ ಡಾಲರ್, ಹೆಚ್ಚು ಓಟು ಬಿದ್ದ 10 ಸಂಸ್ಥೆಗಳಿಗೆ ಸಮಪಾಲು. ಗಡಿಯಿಲ್ಲದ ವೈದ್ಯರ ಸಂಘಟನೆ ಗೆದ್ದಿತು, ಸರಿ. ಜೊತೆಗೆ ವಿಕಿಮೀಡಿಯ, ಟಾರ್ ಮುಂತಾಗಿ ಅಂತರಜಾಲಕ್ಕೇ ಸಂಬಂಧಿಸಿದ ಸಂಸ್ಥೆಗಳೂ ಗೆದ್ದವು. ಓಟು ಹಾಕಿದವರು ದಿನವೆಲ್ಲ ಅಂತರಜಾಲದಲ್ಲಿರುವವರು. ಅವರ ಕಣ್ಣಿಗೆ ಬಿದ್ದ ಕೊರತೆಗೆ ಅವರ ಓಟು. ಇದರಲ್ಲಿ ಮೋಸವೇನೂ ಇಲ್ಲ. ನೋಯ್ಡಾ, ಗುರುಗ್ರಾಮದ ವಸತಿ ಸಮುಚ್ಚಯಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅನಾಥಾಲಯವೋ ಗೋಶಾಲೆಯೋ ಎಂದು ಬೆರಳೊತ್ತಿಸುವಾಗಲೂ ಆಗುವುದು ಇದೇ. ಕೊಡುವವರೆಲ್ಲ ಓಟುದಾರರು, ಪಡೆಯುವವರ ಹೆಸರು ಆ ಪಟ್ಟಿಯಲ್ಲಿ ಇರುವುದಿಲ್ಲ.

ಗೂಂಜ್ ಓಟನ್ನು ಆಚೆ ದಡಕ್ಕೆ ದಾಟಿಸಿದೆ. ಮೊದಲು ‘ಕ್ಲಾತ್ ಫಾರ್ ವರ್ಕ್’, ಈಗ ‘ಡಿಗ್ನಿಟಿ ಫಾರ್ ವರ್ಕ್’ ಎಂದು ಕರೆಯುವ ಅವರ ಪದ್ಧತಿಯಲ್ಲಿ ಹಳ್ಳಿಯ ಜನ ಒಂದೆಡೆ ಕೂತು ತಮ್ಮೂರಿಗೆ ಏನಾಗಬೇಕೆಂದು ತಾವೇ ಮಾತಾಡಿಕೊಳ್ಳುತ್ತಾರೆ. ಹೂಳು ತುಂಬಿದ ಬಾವಿಯೋ, ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ದಾಟಲಾಗದ ಹಳ್ಳವೋ, ಒಡೆದ ಕೆರೆ ಏರಿಯೋ. ಹೊರಗಿನ ಎಂಜಿನಿಯರ್ ಬೇಡದಂಥ, ಊರಿನಲ್ಲೇ ಸಿಗುವ ಬಿದಿರು, ಕಲ್ಲು, ಮಣ್ಣಿನಿಂದ ಕೈಯಾರೆ ಆಗುವಂಥ ಕೆಲಸವೊಂದನ್ನು ಆರಿಸಿ ಎಲ್ಲರೂ ಸೇರಿ ಮಾಡುತ್ತಾರೆ. ಕೆಲಸ ಮುಗಿದ ಮೇಲೆ ಬಟ್ಟೆಯ ಗಂಟು ಬರುತ್ತದೆ, ಭಿಕ್ಷೆಯಾಗಿ ಬರುವುದಿಲ್ಲ, ದುಡಿಮೆಗೆ ಸಂದ ಗೌರವವಾಗಿ ಬರುತ್ತದೆ. ಬಿಹಾರ, ಅಸ್ಸಾಂನ ನೆರೆ ಬಯಲಿನಲ್ಲಿ ಬಿದಿರಿನ ಸೇತುವೆಗಳು, ಮಧ್ಯಪ್ರದೇಶದ ಒಣಸೀಮೆಯಲ್ಲಿ ಬಾವಿ, ಕೊಳಗಳು ಹೀಗೆ ಆಗಿವೆ.

ಇಲ್ಲಿ ಮತಪೆಟ್ಟಿಗೆ ಇಲ್ಲ. ಗುದ್ದಲಿ ಹಿಡಿದು ಬಂದರೆ ಅದೇ ಓಟು. ಫೋನಿನ ಮೇಲೆ ಬೆರಳೊತ್ತಿದವನಿಗೆ ಏನೂ ಖರ್ಚಾಗುವುದಿಲ್ಲ, ಅವನು ಮರುದಿನ ಅದನ್ನು ಮರೆತರೂ ಕೇಳುವವರಿಲ್ಲ. ನಾಲ್ಕು ಬುಟ್ಟಿ ಮಣ್ಣು ಹೊತ್ತವನು ಆ ಬಾವಿಯನ್ನು ಮರೆಯುವುದಿಲ್ಲ. ಮುಂದಿನ ವರ್ಷ ಅದರ ಕಟ್ಟೆ ಕುಸಿದರೆ ದಿಲ್ಲಿಗೆ ಫೋನ್ ಮಾಡುವ ಬದಲು ತಾನೇ ಇಳಿಯುತ್ತಾನೆ. ಬಟ್ಟೆಯನ್ನು ಬಂಡವಾಳ ಮಾಡಿಕೊಂಡ ಈ ಉಪಾಯ ನನ್ನ ಮಟ್ಟಿಗೆ ವಿಂಗಡಣೆಗಿಂತ ದೊಡ್ಡದು. ಆದರೆ ವಿಂಗಡಣೆ ಕೆಟ್ಟರೆ ಇದೂ ಕೆಡುತ್ತದೆ. ಬಾವಿ ತೋಡಿದವನ ಕೈಗೆ ಗುಂಡಿಯಿಲ್ಲದ ಅಂಗಿ ಕೊಟ್ಟು ಗೌರವದ ಮಾತಾಡಲು ಬರುವುದಿಲ್ಲ.

ಆಕ್ಷೇಪ ಎತ್ತುವವರಿದ್ದಾರೆ. ದುಡಿದವನಿಗೆ ಕೂಲಿ ಕೊಡಬೇಕು, ಹಳೇ ಬಟ್ಟೆಯಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ ವರ್ಷಕ್ಕೆ 100 ದಿನದ ಕೂಲಿಯ ಹಕ್ಕು ಕೊಟ್ಟದ್ದೇ ಇದಕ್ಕಾಗಿ ಎನ್ನುವುದು ಅವರ ವಾದ. ತಳ್ಳಿಹಾಕುವ ಮಾತಲ್ಲ ಇದು. ಬಟ್ಟೆ ಕೂಲಿಗೆ ಬದಲಿ ಎಂದು ಯಾರಾದರೂ ಹೇಳಿದರೆ ನಾನೂ ಆಕ್ಷೇಪಿಸುತ್ತೇನೆ. ಆದರೆ ಇಲ್ಲಿ ಕೆಲಸ ಬೇರೆಯವರ ಹೊಲದ್ದಲ್ಲ, ಗುತ್ತಿಗೆದಾರನದ್ದೂ ಅಲ್ಲ, ಅವರದೇ ಊರಿನ ಬಾವಿ, ಅವರೇ ಆರಿಸಿಕೊಂಡದ್ದು. ನಮ್ಮ ಊರುಗಳಲ್ಲಿ ಕೆರೆಯ ಹೂಳೆತ್ತಲು ಮನೆಗೊಬ್ಬಾಳು ಬರುತ್ತಿದ್ದ ಕಾಲದ ನೆನಪು ಹಿರಿಯರಿಗೆ ಇನ್ನೂ ಇದೆ. ನನಗೆ ನಿಜಕ್ಕೂ ಅಳುಕಿರುವುದು ಬೇರೆ ಕಡೆ: ಊರಿನ ಆ ಕೂಟದಲ್ಲಿ ಜೋರಾಗಿ ಮಾತಾಡುವವರು ಯಾರು ಎಂಬುದರಲ್ಲಿ. ಜಾತಿ, ಜಮೀನು ಇರುವವರ ಬಾಯಿ ಎಲ್ಲ ಊರಲ್ಲೂ ದೊಡ್ಡದು. ಬಾವಿ ಯಾರ ಕೇರಿಗೆ ಎಂಬ ಪ್ರಶ್ನೆಗೆ ಕೂಟದ ಒಮ್ಮತ ಉತ್ತರವಾಗಲಾರದು. ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳಿದಾಗ ರಸ್ತೆಯ ಜಾಗದಲ್ಲಿ ಸ್ನಾನದ ಮರೆ ಪಟ್ಟಿಗೆ ಬರಬಹುದು. ಹಾಗೆ ಕೇಳುವ ತಾಳ್ಮೆ ಆ ಊರಿನಲ್ಲಿ ಕೆಲಸ ಮಾಡುವ ಸ್ಥಳೀಯ ಕಾರ್ಯಕರ್ತರಿಗೆ ಇರಬೇಕು, ಅದು ಎಲ್ಲ ಕಡೆ ಒಂದೇ ಮಟ್ಟದಲ್ಲಿ ಇರುವುದೂ ಇಲ್ಲ.

ಇಷ್ಟಕ್ಕೆಲ್ಲ ಹಣ ಬೇಕು ಎಂಬುದು ಕೊಡುವವರಿಗೆ ಬೇಗ ಅರ್ಥವಾಗುವುದಿಲ್ಲ. ಬಟ್ಟೆ ಪುಕ್ಕಟೆ ಬಂದರೂ ಅದನ್ನು ವಿಂಗಡಿಸುವ ಕೈಗೆ ಸಂಬಳ, ಜಾಗಕ್ಕೆ ಬಾಡಿಗೆ, ಲಾರಿಗೆ ಡೀಸೆಲ್. ಬಟ್ಟೆಯ ಜೊತೆಗೆ ಅಷ್ಟಿಷ್ಟು ಹಣವನ್ನೂ ಕೊಡಿ ಎಂದು ಗೂಂಜ್ ಕೇಳುತ್ತದೆ. ಕಸ ಸಾಗಿಸಿಕೊಂಡು ಹೋಗುವುದಕ್ಕೆ ನಾವೇ ಕಾಸು ಕೊಡಬೇಕೇ ಎಂದು ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಅವರು ತಮ್ಮ ಬಾಯಿಂದಲೇ ಅದನ್ನು ಕಸ ಎಂದದ್ದನ್ನು ಗಮನಿಸಬೇಕು.

ಬೆಂಗಳೂರಿನಲ್ಲೂ ಗೂಂಜ್‌ಗೆ ಕಚೇರಿಯಿದೆ. ಕೊಡುವುದಾದರೆ ಒಗೆದು ಕೊಡಿ. ಗುಂಡಿ ಹೋಗಿದ್ದರೆ ಪರವಾಗಿಲ್ಲ, ಬೆವರಿನ ವಾಸನೆ ಇರಬಾರದು. ಚಪ್ಪಲಿ, ಬೂಟಿನ ಜೊತೆಯನ್ನು ಒಂದಕ್ಕೊಂದು ಕಟ್ಟಿ. ಹತ್ತಿಯ ಬೆಡ್‌ಶೀಟು, ದಿಂಬಿನ ಚೀಲ, ಹಳೇ ಪಂಚೆ ಅಂಚಿನಲ್ಲಿ ಹರಿದಿದ್ದರೂ ಹಿಂಜರಿಯದೆ ಸೇರಿಸಿ, ಅದರ ನಡುವಿನ ಬಟ್ಟೆ ಇನ್ನೂ ಮೆತ್ತಗಿರುತ್ತದೆ. ರವಿಕೆ ಇದ್ದರೆ ಅದರ ಕೊಕ್ಕೆಗಳು ತುಕ್ಕು ಹಿಡಿದಿವೆಯೇ ಎಂದು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಸ್ವೆಟರು, ಶಾಲು ಕೊಡುವವರು ಸಂಕ್ರಾಂತಿಯವರೆಗೆ ಕಾಯಬಾರದು, ಗಂಟು ಕಟ್ಟಿ, ಲಾರಿ ತುಂಬಿ, ಉತ್ತರದ ಬೆಟ್ಟಗಳ ಊರು ಮುಟ್ಟಿಸಬೇಕಾದರೆ ದಸರಾ ಹೊತ್ತಿಗೇ ಅವು ಕೈಗೆ ಬಂದಿರಬೇಕು.