ಒಂದು ರಾಕ್ಷಸ, ನಾಲ್ವರು ಬೇಟೆಗಾರರು: ಅಸಮ ಆಟದ ಜೀವವಿಜ್ಞಾನ

ಇವತ್ತಿನ ಸಂಚಿಕೆ ಒಂದು ವಿಡಿಯೋ ಗೇಮ್ ಬಗ್ಗೆ. "ವಿಜ್ಞಾನದ ಪಾಡ್‌ಕಾಸ್ಟ್‌ನಲ್ಲಿ ಗೇಮ್ ಯಾಕೆ?" ಅಂತ ಮೂಗು ಮುರಿಯೋದಕ್ಕೆ ಮುಂಚೆ ಒಂದು ಪ್ರಶ್ನೆ ಕೇಳ್ತೀವಿ. ನೀವು ಹುಲಿ-ಕುರಿ ಆಟ ಆಡಿದ್ದೀರಾ? ಕೆಲವು ಊರುಗಳಲ್ಲಿ ಇದಕ್ಕೆ ಆಡು-ಹುಲಿ ಅಂತಾರೆ. ಹಳೇ ದೇವಸ್ಥಾನಗಳ ಜಗಲಿಯ ಕಲ್ಲಿನ ಮೇಲೆ ಆಟದ ಮನೆಗಳ ಗೆರೆ ಕೊರೆದಿರೋದನ್ನು ನೀವು ನೋಡಿರಬಹುದು. ಸಾಮಾನ್ಯವಾಗಿ 3 ಹುಲಿ, 15 ಆಡು. ಹುಲಿ ಆಡಿನ ಮೇಲೆ ಹಾರಿ ಅದನ್ನು ತಿನ್ನುತ್ತೆ. ಆಡಿಗೆ ತಿನ್ನೋ ಹಕ್ಕಿಲ್ಲ. ಅವೆಲ್ಲ ಒಟ್ಟಾಗಿ ಸುತ್ತುವರಿದು, ಹುಲಿ ಅಲುಗಾಡದ ಹಾಗೆ ಕಟ್ಟಿಹಾಕಬೇಕು.

ಚದುರಂಗದಲ್ಲಿ ಎರಡೂ ಕಡೆ ಒಂದೇ ಸೈನ್ಯ, ಒಂದೇ ನಿಯಮ. ಹುಲಿ-ಕುರಿಯಲ್ಲಿ ಸಂಖ್ಯೆ ಬೇರೆ, ಶಕ್ತಿ ಬೇರೆ, ಗೆಲುವಿನ ಅರ್ಥವೇ ಬೇರೆ. ಇಂಥದ್ದಕ್ಕೆ ಅಸಮ ಆಟ ಅನ್ನೋಣ. ಅಸಮ ಅಂದ ಮಾತ್ರಕ್ಕೆ ಅನ್ಯಾಯ ಅಂತೇನಿಲ್ಲ. ಇದೇ ಕುಟುಂಬಕ್ಕೆ ಸೇರಿದ ನೇಪಾಳದ ಬಾಘ್ ಚಾಲ್‌ನಲ್ಲಿ 4 ಹುಲಿ, 20 ಆಡು. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಆ ಆಟವನ್ನು ಲೆಕ್ಕ ಹಾಕಿ ನೋಡಿದರು. ಎರಡೂ ಕಡೆಯವರು ಒಂದು ತಪ್ಪೂ ಮಾಡದೆ ಆಡಿದರೆ ಆಟ ಡ್ರಾ ಆಗುತ್ತೆ. ಯಾವ ವಿನ್ಯಾಸಕನ ಹೆಸರೂ ಇಲ್ಲದ ಆಟವೊಂದು ಹಳ್ಳಿ ಜಗಲಿಗಳಲ್ಲಿ ಸವೆದೂ ಸವೆದೂ ಇಷ್ಟು ಸಮತೂಕಕ್ಕೆ ಬಂದು ನಿಂತಿದೆ ಅಂದ್ರೆ ಸೋಜಿಗ ಅಲ್ವಾ?

ಶಿಯರ್ ಗ್ರಹದ ಬೇಟೆ

ಈಗ ನಮ್ಮ ವಿಡಿಯೋ ಗೇಮ್‌ಗೆ ಬರೋಣ. ಹೆಸರು 'ಇವಾಲ್ವ್', ಅಂದ್ರೆ ವಿಕಾಸ ಹೊಂದು. ಟರ್ಟಲ್ ರಾಕ್ ಸ್ಟುಡಿಯೋಸ್ ತಯಾರಿಸಿತು, 2ಕೆ ಪ್ರಕಟಿಸಿತು, 2015ರ ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು. ಐದು ಜನ ಆಡಬೇಕು. ನಾಲ್ವರು ಬೇಟೆಗಾರರು, ಒಬ್ಬರು ರಾಕ್ಷಸ. ನಾವೂ ಸರಿಯಾಗಿ ಐದು ಜನ ಇದ್ವಿ: ಪರ್ತ್‌ನಲ್ಲಿ ಇಬ್ಬರು, ಬ್ರಿಸ್ಬೇನ್‌ನಲ್ಲಿ ಇಬ್ಬರು, ಅಡಿಲೇಡ್‌ನಲ್ಲಿ ಒಬ್ಬರು. ಪರ್ತ್‌ನಲ್ಲಿ ಸಂಜೆ 7 ಆದಾಗ ಬ್ರಿಸ್ಬೇನ್‌ನಲ್ಲಿ ರಾತ್ರಿ 9. ಅಡಿಲೇಡ್‌ನಲ್ಲಿ ಚಳಿಗಾಲದಲ್ಲಿ 8:30, ಬೇಸಿಗೆಯಲ್ಲಿ ಗಡಿಯಾರ ಮುಂದೆ ಹಾಕೋದರಿಂದ 9:30. ಬ್ರಿಸ್ಬೇನ್ ಪೂರ್ವಕ್ಕಿದ್ರೂ ಬೇಸಿಗೆಯಲ್ಲಿ ಅಡಿಲೇಡೇ ಮುಂದೆ! ಆಟ ಶುರುವಾಗೋ ಮುಂಚೆ ಈ ಲೆಕ್ಕ ಒಪ್ಪಿಸೋದೇ ಒಂದು ಆಟ.

ನಾಲ್ವರು ಬೇಟೆಗಾರರಿಗೂ ಬೇರೆ ಬೇರೆ ಕೆಲಸ. ಒಬ್ಬರು ನೇರವಾಗಿ ಹೊಡೆಯೋರು. ಒಬ್ಬರು ಜಾಡು ಹಿಡಿದು ಬೋನು ಹಾಕೋರು. ಒಬ್ಬರು ವೈದ್ಯರು. ಇನ್ನೊಬ್ಬರು ಗುರಾಣಿ, ಮದ್ದುಗುಂಡಿನ ಬೆಂಬಲ ಕೊಡೋರು. ರಾಕ್ಷಸನಿಗೆ ಮೂರು ಹಂತ. ಮೊದಲ ಹಂತದಲ್ಲಿ ಅದು ಬಡಪಾಯಿ, ಓಡಿ ಅಡಗಬೇಕು. ಕಾಡಿನ ಪ್ರಾಣಿಗಳನ್ನು ತಿಂದು ತಿಂದು ಗೂಡು ಕಟ್ಟಿಕೊಂಡು ದೊಡ್ಡದಾಗುತ್ತೆ. ಮೂರನೇ ಹಂತ ತಲುಪಿತೋ, ಆಮೇಲೆ ಬೇಟೆಗಾರರೇ ಓಡಬೇಕು.

ಒಂದೇ ಪ್ರಾಣಿ ಬೆಳಿಗ್ಗೆ ಬೇಟೆ, ಸಂಜೆ ಬೇಟೆಗಾರ. ಇದು ಬರೀ ಕಲ್ಪನೆ ಅಂದ್ಕೋಬೇಡಿ. ಕ್ವೀನ್ಸ್‌ಲ್ಯಾಂಡ್‌ನ ಉತ್ತರ ಭಾಗದ ನದಿಗಳಲ್ಲಿರೋ ಉಪ್ಪುನೀರಿನ ಮೊಸಳೆಯನ್ನೇ ತಗೊಳ್ಳಿ. ಮೊಟ್ಟೆಯಿಂದ ಬಂದ ಮರಿ ಒಂದು ಅಡಿ ಸ್ಕೇಲಿನಷ್ಟು ಉದ್ದ. ಹಕ್ಕಿ, ಉಡ, ದೊಡ್ಡ ಮೀನು ಎಲ್ಲಕ್ಕೂ ಅದು ತಿಂಡಿ. ಬಹುಪಾಲು ಮರಿಗಳು ದೊಡ್ಡವಾಗೋದೇ ಇಲ್ಲ. ಬದುಕಿ ಉಳಿದ ಗಂಡು 5 ಮೀಟರ್ ದಾಟಿದಾಗ ಆ ನದಿಯಲ್ಲಿ ಅದನ್ನು ಕೇಳೋರೇ ಇಲ್ಲ. ಹಾಗಾದ್ರೆ ಮರಿಗೆ ಯಾವ ಬುದ್ಧಿ ಬೇಕು? ಹೊಡೆದಾಡೋದಲ್ಲ, ಅಡಗೋದು ಮತ್ತು ತಿನ್ನೋದು. ಇವಾಲ್ವ್‌ನಲ್ಲಿ ಹೊಸಬರು ರಾಕ್ಷಸನಾಗಿ ಸೋಲೋದು ಹೀಗೇ: ಮೊದಲ ಹಂತದಲ್ಲೇ ಮೀಸೆ ತಿರುವಿಕೊಂಡು ಎದುರು ನಿಲ್ತಾರೆ.

ಹಕ್ಕಿ ಹಾರಿದರೆ ಸುದ್ದಿ

ಆ ಆಟದಲ್ಲಿ ಒಂದು ಸಣ್ಣ ವಿವರ ನಮಗೆ ಬಹಳ ಇಷ್ಟ. ರಾಕ್ಷಸ ಆತುರದಲ್ಲಿ ಓಡಿದರೆ ನೆಲದ ಮೇಲೆ ಹೆಜ್ಜೆಗುರುತು ಬೀಳುತ್ತೆ, ಹಕ್ಕಿಗಳ ಹಿಂಡು ಬೆಚ್ಚಿ ಮೇಲೇಳುತ್ತೆ. ದೂರದಲ್ಲಿರೋ ಬೇಟೆಗಾರರಿಗೆ ಅದೇ ಸುದ್ದಿ. ರಾಕ್ಷಸ ತಗ್ಗಿ ಮೆಲ್ಲಗೆ ನಡೆದರೆ ಗುರುತು ಸಿಗಲ್ಲ, ಆದರೆ ವೇಗ ಹೋಗುತ್ತೆ. ವೇಗ ಬೇಕೋ ಗುಟ್ಟು ಬೇಕೋ, ಎರಡೂ ಒಟ್ಟಿಗೆ ಇಲ್ಲ.

ನಮ್ಮ ಮೂರೂ ಊರುಗಳ ಪಾರ್ಕುಗಳಲ್ಲಿ ಜುಟ್ಟಿನ ಪಾರಿವಾಳ, ಅಂದ್ರೆ ಕ್ರೆಸ್ಟೆಡ್ ಪಿಜನ್, ಧಾರಾಳವಾಗಿ ಸಿಗುತ್ತೆ. ಇದು ಹಾರುವಾಗ ರೆಕ್ಕೆಯಿಂದ ಸಿಳ್ಳೆಯಂಥ ಸದ್ದು ಬರುತ್ತೆ. ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಟ್ರೆವರ್ ಮರ್ರಿ, ರಾಬರ್ಟ್ ಮಗ್ರಾತ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಕೆಲಸ ನೋಡಿ. ರೆಕ್ಕೆಯ ಎಂಟನೇ ದೊಡ್ಡ ಗರಿ ವಿಚಿತ್ರವಾಗಿ ಸಪೂರ. ಆ ಗರಿಯೇ ಎತ್ತರದ ಸ್ವರ ಹೊರಡಿಸುತ್ತೆ. ಹೆದರಿ ರಭಸದಿಂದ ಹಾರಿದಾಗ ರೆಕ್ಕೆಬಡಿತ ಜೋರಾಗಿ ಸದ್ದಿನ ಗತಿಯೂ ಬದಲಾಗುತ್ತೆ. ಆ ಸದ್ದನ್ನು ಕೇಳಿಸಿದ್ರೆ ಉಳಿದ ಪಾರಿವಾಳಗಳು ಪುರ್ರನೆ ಹಾರಿಹೋಗ್ತವೆ. ಆ ಗರಿ ತೆಗೆದ ಹಕ್ಕಿಯ ಸದ್ದು ಕೇಳಿಸಿದ್ರೆ ಹಾಗೆ ಹಾರೋದು ಕಡಿಮೆ. ಬಾಯೇ ತೆರೆಯದೆ ಕೂಗೋ ಎಚ್ಚರಿಕೆ ಇದು. ಇದರಲ್ಲಿ ಸುಳ್ಳು ಹೇಳೋದೂ ಕಷ್ಟ, ಯಾಕಂದ್ರೆ ಓಡಿಹೋಗೋ ಕ್ರಿಯೆಯೇ ಎಚ್ಚರಿಕೆ.

ಸಿಳ್ಳೆ ಮತ್ತು ಹೆಡ್‌ಸೆಟ್

ನಾಲ್ವರು ಒಂದರ ಮೇಲೆ ಬಿದ್ದರೆ ಗೆಲುವು ಸುಲಭ ಅನ್ಸುತ್ತೆ. ಆಡಿದ್ರೆ ಗೊತ್ತಾಗುತ್ತೆ, ನಾಲ್ವರು ನಾಲ್ಕು ದಿಕ್ಕಿಗೆ ಓಡಿದರೆ ಅದು ನಾಲ್ಕಲ್ಲ, ನಾಲ್ಕು ಸಲ ಒಂದು. ಕೋಟ್ ಡಿವಾರ್ ದೇಶದ ಟಾಯಿ ಕಾಡಿನಲ್ಲಿ ಚಿಂಪಾಂಜಿಗಳು ಕೆಂಪು ಕೊಲೊಬಸ್ ಕೋತಿಗಳನ್ನು ಬೇಟೆಯಾಡೋದನ್ನು ಕ್ರಿಸ್ಟೋಫ್ ಬೋಶ್ ವರ್ಷಗಟ್ಟಲೆ ನೋಡಿದರು. ಅವರು ಗುರುತಿಸಿದ ಪಾತ್ರಗಳೂ ನಾಲ್ಕೇ: ಅಟ್ಟುವವ, ದಾರಿ ಅಡ್ಡಗಟ್ಟುವವ, ಬೆನ್ನಟ್ಟುವವ, ಹೊಂಚು ಹಾಕಿ ಕೂರುವವ. ಇದು ನಿಜವಾದ ಕೆಲಸ ಹಂಚಿಕೆಯೋ, ಅಥವಾ ಪ್ರತಿಯೊಂದೂ ತನಗೆ ಲಾಭವಾಗೋ ಜಾಗ ಹಿಡಿದಾಗ ನಮ್ಮ ಕಣ್ಣಿಗೆ ಹಾಗೆ ಕಾಣೋದೋ ಅನ್ನೋ ಜಗಳ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ನಮ್ಮ ಬಂಡೀಪುರದ ಸೀಳುನಾಯಿಗಳು ಈ ಆಟದ ಪಳಗಿದ ಆಟಗಾರರು. ಎ.ಜೆ.ಟಿ. ಜಾನ್‌ಸಿಂಗ್ 1970ರ ದಶಕದಲ್ಲಿ ಅವುಗಳ ಹಿಂದೆ ಬಿದ್ದು ಅಧ್ಯಯನ ಮಾಡಿದರು. ತಮಗಿಂತ ಎಷ್ಟೋ ದೊಡ್ಡದಾದ ಜಿಂಕೆಯನ್ನು ಗುಂಪಾಗಿ ಕೆಡವುತ್ತವೆ. ದಟ್ಟ ಪೊದೆಯಲ್ಲಿ ಒಂದಕ್ಕೊಂದು ಕಾಣಲ್ಲ. ಚದುರಿದಾಗ ಸಿಳ್ಳೆಯಂಥ ದನಿಯಿಂದ ಮತ್ತೆ ಕೂಡಿಕೊಳ್ತವೆ.

ನಮ್ಮ ಸಿಳ್ಳೆ ಅಂದ್ರೆ ಹೆಡ್‌ಸೆಟ್‌ನ ಕನ್ನಡ. "ಬಲಕ್ಕೆ ಬಲಕ್ಕೆ, ಬಂಡೆ ಹಿಂದೆ!", "ಲೇ, ಔಷಧಿ ಹಾಕೋ!", "ಅಡ್ಡ ಹಾಕ್ರೋ!". ದಿನವಿಡೀ ಲ್ಯಾಬ್‌ನಲ್ಲಿ, ಆಸ್ಪತ್ರೆಯಲ್ಲಿ, ಗಣಿ ಕಂಪನಿಯ ಕಚೇರಿಯಲ್ಲಿ ಇಂಗ್ಲಿಷ್ ಮಾತಾಡಿದ ನಾಲಿಗೆಗೆ ಆ ಎರಡು ಗಂಟೆ ಊರಿಗೆ ಹೋಗಿ ಬಂದ ಹಾಗೆ. ಆದರೆ ರಾಕ್ಷಸ ಆಡೋರಿಗೆ ಬೇಟೆಗಾರರ ಮಾತು ಕೇಳಿಸೋದಿಲ್ಲ. ಆ ಹದಿನೈದಿಪ್ಪತ್ತು ನಿಮಿಷ ಅವರು ಒಂಟಿ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಅಡಿಲೇಡ್‌ನ ಗೆಳತಿ ಹೊಸದಾಗಿ ಬಂದು ಒಬ್ಬಳೇ ಇದ್ದ ಮೊದಲ ಚಳಿಗಾಲದಲ್ಲಿ ರಾಕ್ಷಸನ ಸರದಿಯನ್ನು ಅವಳಿಗೆ ಯಾರೂ ಬಿಟ್ಟುಕೊಡಲಿಲ್ಲ. ಎಷ್ಟು ಕೇಳಿದ್ರೂ ಸರಿ, ಅವಳು ಬೇಟೆಗಾರ್ತಿಯೇ.

ದೂರ ಇನ್ನೊಂದು ಅಸಮತೆ. ಸರ್ವರ್ ಸಿಡ್ನಿಯಲ್ಲಿದೆ ಅಂತ ಇಟ್ಕೊಳ್ಳಿ. ಪರ್ತ್‌ನಿಂದ ಅಲ್ಲಿಗೆ ಸುಮಾರು 3,300 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತೆ. ಹೋಗಿ ಬರೋಕೆ ಕನಿಷ್ಠ 33 ಮಿಲಿಸೆಕೆಂಡ್. ಬ್ರಿಸ್ಬೇನ್‌ನವರಿಗೆ ಅದರ ಕಾಲು ಭಾಗಕ್ಕಿಂತಲೂ ಕಡಿಮೆ. ಯಾವ ಕಂಪನಿಯನ್ನು ಬೈದರೂ ಈ 33 ಕಡಿಮೆ ಆಗಲ್ಲ, ಅದು ಭೌತಶಾಸ್ತ್ರ.

ಆಟ ಯಾಕೆ ಸತ್ತಿತು

ಇವಾಲ್ವ್ ಹೆಚ್ಚು ಕಾಲ ಬಾಳಲಿಲ್ಲ. 2016ರ ಜುಲೈನಲ್ಲಿ ಅದನ್ನು ಉಚಿತ ಮಾಡಿದರು, ಅದೇ ವರ್ಷ ಹೊಸ ಕೆಲಸ ನಿಲ್ಲಿಸಿದರು, 2018ರ ಸೆಪ್ಟೆಂಬರ್‌ನಲ್ಲಿ ಮುಖ್ಯ ಸರ್ವರ್‌ಗಳು ಮುಚ್ಚಿದವು. ಕಾರಣ ಹಲವು. ಜೀವವಿಜ್ಞಾನಿಗಳಾದ ನಮಗೆ ಕಾಣೋದು ಒಂದು: ಮೊದಲಿಗೆ ರಾಕ್ಷಸನನ್ನು ಗುಮ್ಮಟದೊಳಗೆ ಕೂಡಿಹಾಕೋ ಶಕ್ತಿ ಜಾಡು ಹಿಡಿಯೋ ಒಬ್ಬರ ಕೈಯಲ್ಲಿ ಮಾತ್ರ ಇತ್ತು. ಆ ಒಬ್ಬರು ಹೊಸಬರಾದರೆ ಉಳಿದ ಮೂವರ ಆಟವೂ ಹಾಳು. ಉಚಿತ ಆವೃತ್ತಿಯಲ್ಲಿ ಆ ಶಕ್ತಿಯನ್ನು ನಾಲ್ವರಿಗೂ ಕೊಟ್ಟರು, ಆದರೆ ತಡವಾಗಿತ್ತು. ಕೆಲಸ ಹಂಚಿಕೊಂಡಷ್ಟೂ ಗುಂಪು ಬಲವಾಗುತ್ತೆ, ಹಾಗೇ ಒಂದು ಕೊಂಡಿ ಕಳಚಿದರೆ ಕುಸಿಯುತ್ತೆ. ಅಪರಿಚಿತರ ನಡುವೆ ಅಂಥ ಹಂಚಿಕೆ ನಿಲ್ಲೋದು ಕಷ್ಟ.

ಮತ್ತೊಂದು ಸುತ್ತು ಇಲ್ಲದ ಆಟ

ಆಟದಲ್ಲಿ ಸೋತವರಿಗೆ ಇನ್ನೊಂದು ಸುತ್ತು ಇದೆ. ಕಾಡಿನಲ್ಲಿ? ರಿಚರ್ಡ್ ಡಾಕಿನ್ಸ್ ಮತ್ತು ಜಾನ್ ಕ್ರೆಬ್ಸ್ 1979ರಲ್ಲಿ ಒಂದು ವಿಚಾರ ಮುಂದಿಟ್ಟರು. ನರಿ ಓಡೋದು ಒಂದು ಹೊತ್ತಿನ ಊಟಕ್ಕೆ, ಮೊಲ ಓಡೋದು ಪ್ರಾಣಕ್ಕೆ. ಸೋಲಿನ ಬೆಲೆ ಮೊಲಕ್ಕೆ ಜಾಸ್ತಿ, ಆದ್ದರಿಂದ ವಿಕಾಸದ ಒತ್ತಡವೂ ಮೊಲದ ಮೇಲೇ ಜಾಸ್ತಿ. ಆದರೆ ಈ ಲೆಕ್ಕಕ್ಕೆ ತಲೆಮಾರುಗಳು ಬೇಕು. ಆಸ್ಟ್ರೇಲಿಯಾದಲ್ಲಿ ಆ ಸಮಯವೇ ಸಿಗಲಿಲ್ಲ. ಬೆಕ್ಕು ಯುರೋಪಿಯನ್ನರ ಜೊತೆ ಬಂತು, ಕೆಂಪು ನರಿ 19ನೇ ಶತಮಾನದಲ್ಲಿ. ಇಲ್ಲಿನ ಸಣ್ಣ ಪ್ರಾಣಿಗಳಿಗೆ ಇವು ಅಪಾಯ ಅನ್ನೋದೇ ಗೊತ್ತಿರಲಿಲ್ಲ. ಪರ್ತ್‌ನವರು ರಾಟ್‌ನೆಸ್ಟ್ ದ್ವೀಪಕ್ಕೆ ಹೋಗಿ ಕ್ವಾಕಾ ಜೊತೆ ಸೆಲ್ಫಿ ತೆಗೆಸ್ಕೊಳ್ತೀವಲ್ಲ, ಅದು ಅಷ್ಟು ನಿರಾಳವಾಗಿ ಪಕ್ಕ ಬರೋದು ದ್ವೀಪದಲ್ಲಿ ನರಿ ಇಲ್ಲದ್ದರಿಂದಲೂ ಇರಬಹುದು. ಮುಖ್ಯ ಭೂಮಿಯಲ್ಲಿ ಅದು ಈಗ ಅಪರೂಪ.

ಬೇಲಿ ಹಾಕಿ ಕಾಪಾಡಿದರೆ? ಅಡಿಲೇಡ್‌ನಿಂದ ಉತ್ತರಕ್ಕೆ 500 ಕಿಲೋಮೀಟರ್‌ಗೂ ಆಚೆ, ರಾಕ್ಸ್‌ಬಿ ಡೌನ್ಸ್ ಹತ್ತಿರ, 1997ರಲ್ಲಿ ಶುರುವಾದ ಅರಿಡ್ ರಿಕವರಿ ಇದೆ. 123 ಚದರ ಕಿಲೋಮೀಟರ್ ಜಾಗ, ಸುತ್ತ ಬೇಲಿ. ಒಳಗೆ ಬಿಲ್ಬಿ, ಬೆಟ್ಟಾಂಗ್ ಥರದ ಪ್ರಾಣಿಗಳು ಸುಖವಾಗಿವೆ. ಆದರೆ ಬೇಲಿಯೊಳಗೆ ಹುಟ್ಟಿ ಬೆಳೆದದ್ದು ಬೆಕ್ಕನ್ನು ಎಲ್ಲಿ ಕಲಿಯಬೇಕು? ಕ್ಯಾಥರಿನ್ ಮೋಸ್ಬಿ ಮತ್ತು ಸಂಗಡಿಗರು ಎದೆಗಾರಿಕೆಯ ಪ್ರಯೋಗ ಮಾಡಿದರು. ಬೇಲಿಯ ಒಂದು ಭಾಗದಲ್ಲಿ ಬಿಲ್ಬಿಗಳ ಜೊತೆ ಕೆಲವೇ ಕೆಲವು ಕಾಡುಬೆಕ್ಕುಗಳಿಗೆ ಜಾಗ ಕೊಟ್ಟರು. ಎರಡು ವರ್ಷ ಹಾಗೆ ಬದುಕಿದ ಬಿಲ್ಬಿಗಳನ್ನು ಬೆಕ್ಕು ಹೆಚ್ಚಿರೋ ಜಾಗಕ್ಕೆ ಬಿಟ್ಟಾಗ, ಬೆಕ್ಕನ್ನೇ ಕಾಣದ ಬಿಲ್ಬಿಗಳಿಗಿಂತ ಚೆನ್ನಾಗಿ ಉಳಿದುಕೊಂಡವು.

ಇದರ ಬೆಲೆಯನ್ನು ಮರೆಯೋ ಹಾಗಿಲ್ಲ. ಬೆಕ್ಕಿನ ಜೊತೆ ಬಿಟ್ಟ ಪ್ರಾಣಿಗಳಲ್ಲಿ ಕೆಲವು ಸತ್ತೇ ಸಾಯ್ತವೆ. ಬೆಕ್ಕು ಒಂದಿಷ್ಟು ಹೆಚ್ಚಾದರೆ ಪಾಠ ಹೇಳಿಸಿಕೊಳ್ಳೋಕೆ ಯಾರೂ ಉಳಿಯಲ್ಲ, ತೀರಾ ಕಡಿಮೆಯಾದರೆ ಯಾರೂ ಕಲಿಯಲ್ಲ. ಎಷ್ಟು ಹುಲಿಗೆ ಎಷ್ಟು ಆಡು? ಜಗಲಿಕಲ್ಲಿನ ಪ್ರಶ್ನೆ ಇಲ್ಲಿ ಜೀವಂತ ಪ್ರಾಣಿಗಳ ಮೇಲೆ ನಡೀತಿದೆ. ಬಿಲ್ಬಿಯ ಹತ್ತಿರದ ನೆಂಟ, ಸಣ್ಣ ಬಿಲ್ಬಿ, ಈಗಾಗಲೇ ಭೂಮಿಯಿಂದ ಅಳಿದುಹೋಗಿದೆ. ಸರ್ವರ್ ಮುಚ್ಚಿದರೆ ಇನ್ನೊಂದು ಆಟ ಹುಡುಕಬಹುದು, ನಾವೂ ಹುಡುಕಿಕೊಂಡ್ವಿ. ಉಳಿದಿರೋ ಬಿಲ್ಬಿಗೆ ಆ ಅನುಕೂಲ ಇಲ್ಲ.

ಇವತ್ತಿಗೆ ಇಷ್ಟು. ನಿಮ್ಮೂರಿನ ಹುಲಿ-ಕುರಿ ಆಟದಲ್ಲಿ ಹುಲಿ ಎಷ್ಟು, ಕುರಿ ಎಷ್ಟು, ನಿಯಮ ಏನು ಅಂತ ನಿಮ್ಮ ಅಜ್ಜಿ ತಾತಂದಿರನ್ನು ಕೇಳಿ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲೀವರೆಗೂ ಜುಟ್ಟಿನ ಪಾರಿವಾಳ ಹಾರಿದ್ರೆ ಒಂದು ಕ್ಷಣ ಕಿವಿಗೊಡಿ. ನಮಸ್ಕಾರ.